ನೋಡಿದ್ದಕ್ಕೆ ದುಡ್ಡೆಷ್ಟು?

ಕಳೆದ ಜೂನ್ ಕೊನೆಯ ವಾರ. ಛತ್ರಪತಿ ಸಂಭಾಜಿನಗರದಲ್ಲಿ ಗೆಳೆಯನ ಮಗನ ಹುಟ್ಟುಹಬ್ಬದ ಊಟ ಮುಗಿಸಿಕೊಂಡು ರಾತ್ರಿ ಹತ್ತರ ಸುಮಾರಿಗೆ ನಾಶಿಕ್‌ಗೆ ಹೊರಟೆವು. ಪಕ್ಕದಲ್ಲಿ ಹೆಂಡತಿ, ಹಿಂದೆ ಹೆಸರಿಗಷ್ಟೇ ಇರುವ ಸೀಟಿನಲ್ಲಿ ಆರು ವರ್ಷದ ಮಗಳು ಮುದುಡಿಕೊಂಡು ಮಲಗಿದ್ದಳು. ಸಮೃದ್ಧಿ ಮಹಾಮಾರ್ಗ ಹತ್ತಿ ವೈಜಾಪುರದ ಸೀಮೆಗೆ ಬಂದಿದ್ದೆವು. ಸಣ್ಣಗೆ ಮಳೆ. ‘ರೀ, ಎಡಗಡಿ ಲೈಟ್ ಹೋಗೇತಿ ನೋಡ್ರಿ’ ಎಂದಳು ಹೆಂಡತಿ. ನಾನು ಡ್ಯಾಶ್‌ಬೋರ್ಡ್ ಕಡೆ ಕಣ್ಣು ಹಾಯಿಸಿ ತಲೆ ಎತ್ತುವುದಕ್ಕೂ, ರಸ್ತೆಯ ಅಂಚಿನಲ್ಲಿ ಕೆಟ್ಟು ನಿಂತಿದ್ದ ಲಾರಿಯೊಂದರ ಹಿಂಭಾಗ ಎದುರಿಗೆ ಎದ್ದು ಬರುವುದಕ್ಕೂ ಸರಿಹೋಯಿತು. ಅದಕ್ಕೆ ಹಿಂದಿನ ದೀಪವಿರಲಿಲ್ಲ, ನನಗೆ ಮುಂದಿನದು. ಸ್ಟಿಯರಿಂಗ್ ಎಳೆದೆ. ಏನೂ ಆಗಲಿಲ್ಲ. ಮಗಳಿಗೆ ಎಚ್ಚರವೂ ಆಗಲಿಲ್ಲ. ಹೆಂಡತಿ ಶಿರ್ಡಿಯವರೆಗೆ ಒಂದು ಮಾತನ್ನೂ ಆಡಲಿಲ್ಲ.

ಇದೇ ವೈಜಾಪುರದ ಬಳಿ, ಇದೇ ಹೆದ್ದಾರಿಯಲ್ಲಿ, 2023ರ ಅಕ್ಟೋಬರ್ 15ರ ಮಧ್ಯರಾತ್ರಿ ದಾಟಿದ ಮೇಲೆ ನಾಶಿಕ್ ಕಡೆಯ ಯಾತ್ರಿಕರಿದ್ದ ಮಿನಿಬಸ್ಸು ಲಾರಿಗೆ ಹಿಂದಿನಿಂದ ಗುದ್ದಿ 12 ಜನ ತೀರಿಕೊಂಡಿದ್ದರು. ಅದಕ್ಕೆ ದೀಪ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಆ ರಾತ್ರಿ ನನ್ನ ತಲೆಯಲ್ಲಿ ಓಡುತ್ತಿದ್ದುದು ಆ ಸುದ್ದಿಯೇ.

ಲೆಕ್ಕ ಸರಳ. ಸಮೃದ್ಧಿಯಲ್ಲಿ ಕಾರಿಗೆ ಗಂಟೆಗೆ 120 ಕಿ.ಮೀ. ವೇಗಕ್ಕೆ ಅನುಮತಿ ಇದೆ. ಅಂದರೆ ಸೆಕೆಂಡಿಗೆ 33 ಮೀಟರ್. ಎದುರು ಏನೋ ಇದೆ ಎಂದು ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 50 ಮೀಟರ್ ಮುಗಿಯಿತು. ಟೈರು ಚೆನ್ನಾಗಿದ್ದು ರಸ್ತೆ ಒಣಗಿದ್ದರೂ ನಿಲ್ಲಲು ಇನ್ನೊಂದು 80 ಮೀಟರ್ ಬೇಕು. ಒಟ್ಟು 130. ಲೋ ಬೀಮ್‌ನಲ್ಲಿ ಕಪ್ಪು ಬಟ್ಟೆಯ ಮನುಷ್ಯನೋ ಮಣ್ಣು ಮೆತ್ತಿದ ಲಾರಿಯೋ ಕಣ್ಣಿಗೆ ಬೀಳುವುದು ಹೆಚ್ಚೆಂದರೆ 60–70 ಮೀಟರಿನಲ್ಲಿ. ಎರಡೂ ದೀಪ ಸರಿಯಿದ್ದಾಗಲೇ ಗಂಟೆಗೆ 80 ದಾಟಿದರೆ ಕಾಣದ್ದರೊಳಗೆ ಓಡುತ್ತಿದ್ದೇವೆ ಎಂದರ್ಥ. 701 ಕಿ.ಮೀ. ಉದ್ದದ ಈ ರಸ್ತೆಯ ಬಹುಪಾಲಿಗೆ ಬೀದಿದೀಪವಿಲ್ಲ. ಒಂದು ಕಣ್ಣು ಹೋದ ಕಾರಿನಲ್ಲಿ ನಾನು 110ರಲ್ಲಿದ್ದೆ.

ಕಾರಿನ ಬಗ್ಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರಲ್ಲಿ ಓದುವವರು ‘ಸಾತಪುರದಲ್ಲಿ ಇವನಿಗೆ ಎಷ್ಟಪ್ಪಾ ಸಂಬಳ’ ಎಂದುಕೊಂಡಾರು. ಅದು ಎರಡು ಬಾಗಿಲಿನ ಜರ್ಮನ್ ಸ್ಪೋರ್ಟ್ಸ್ ಕಾರು. ಕಂಪನಿಯ ಹೆಸರು ಬೇಡ. ಹನ್ನೆರಡು ವರ್ಷ ಹಳೆಯದು, ಮೂರನೇ ಕೈ, ಹೊಸ ಸಣ್ಣ ಕಾರಿನ ಬೆಲೆಗೆ ಸಿಕ್ಕಿದ್ದು. ಎಂಎಚ್-20 ನೋಂದಣಿ, ಅಂದರೆ ಸಂಭಾಜಿನಗರದ ಗಾಡಿ. ಈ ಊರಿನಲ್ಲಿ ಇಂಥ ಕಾರುಗಳು ಹೇರಳವಾಗಿರುವುದಕ್ಕೆ ಒಂದು ಚರಿತ್ರೆಯೂ ಇದೆ. 2010ರ ಅಕ್ಟೋಬರ್‌ನಲ್ಲಿ, ಆಗಿನ್ನೂ ಔರಂಗಾಬಾದ್ ಆಗಿದ್ದ ಊರಿನ ಉದ್ಯಮಿಗಳೂ ವೃತ್ತಿಪರರೂ ಗುಂಪು ಕಟ್ಟಿಕೊಂಡು ಸುಮಾರು 65 ಕೋಟಿ ರೂಪಾಯಿ ಕೊಟ್ಟು ಒಂದೇ ಬಾರಿಗೆ 150 ಮರ್ಸಿಡೀಸ್ ಕಾರು ಕೊಂಡಿದ್ದರು. ನಾವೇನು ಮುಂಬೈ, ಪುಣೆಗೆ ಕಡಿಮೆಯೇ ಎಂದು ತೋರಿಸುವ ಹಟ. ಅಂಥ ಶೋಕಿಯ ಊರಿನಲ್ಲಿ ಹತ್ತು-ಹನ್ನೆರಡು ವರ್ಷಕ್ಕೆ ಇಂಥವು ನನ್ನಂಥವರ ಕೈಗೆ ಬಂದು ಬೀಳುತ್ತವೆ. ‘ಎರಡು ಬಾಗ್ಲಾ, ಮೂರು ಮಂದಿ, ಯಾವ ಲೆಕ್ಕಾರೀ ಇದು’ ಎಂದು ಹೆಂಡತಿ ಅವತ್ತೇ ಕೇಳಿದ್ದಳು.

ಮರುದಿನ ನಾಶಿಕ್‌ನಲ್ಲಿ ಕಾರನ್ನು ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಒಯ್ದೆ. ಎಸಿ ಕೋಣೆ, ಕಾಫಿ. ಹುಡುಗನೊಬ್ಬ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದ. ‘ಎಡ ಲೋ ಬೀಮ್, ಸರ್ಕ್ಯೂಟ್ ದೋಷ’ ಎಂದು ಬಂತು. ಹತ್ತು ನಿಮಿಷಕ್ಕೆ ಎಸ್ಟಿಮೇಟ್ ಕೈಗೆ ಬಂತು: ಎಡ ಹೆಡ್‌ಲೈಟ್ ಇಡೀ ಸೆಟ್ ಬದಲಾವಣೆ, 1 ಲಕ್ಷ 35 ಸಾವಿರ. ‘ಬಲಗಡೆಯದೂ ಹಳದಿಯಾಗಿದೆ ಸರ್, ಎರಡೂ ಹಾಕಿಸಿಬಿಡಿ, ಚೆಂದ ಕಾಣುತ್ತೆ.’ ಬಲ್ಬ್ ಕೆಟ್ಟಿದೆಯೋ ವೈರ್ ಕೆಟ್ಟಿದೆಯೋ ಎಂದು ಕೇಳಿದೆ. ‘ನಾವು ಒಳಗೆ ಬಿಚ್ಚೋದಿಲ್ಲ ಸರ್, ಸೆಟ್ಟೇ ಬದಲಿಸೋದು’ ಎಂದ.

ಸ್ಕ್ಯಾನರ್ ಎಲ್ಲವನ್ನೂ ಹೇಳುತ್ತದೆ ಎಂಬುದು ಹೊಸ ಮೂಢನಂಬಿಕೆ. ಅದು ಹೇಳುವುದು ನೋವು ಎಲ್ಲಿ ಎಂದು ಮಾತ್ರ. ಯಾಕೆ ಎಂದು ಯಾರಾದರೂ ಬಗ್ಗಿ ನೋಡಬೇಕು.

ಕಾರ್ಖಾನೆಯಲ್ಲಿ ದಿನವೂ ‘ರೂಟ್ ಕಾಸ್’ ಎಂದು ಮೀಟಿಂಗ್ ಮಾಡುವ ನಾನು ಅವತ್ತು ಮಾಡಿದ್ದೇನು? ಅಂಬಡದ ಹತ್ತಿರದ ಅಂಗಡಿಯೊಂದಕ್ಕೆ ಹೋಗಿ 5,200 ರೂಪಾಯಿಗೆ ಎಲ್‌ಇಡಿ ಬಲ್ಬ್ ಹಾಕಿಸಿಕೊಂಡೆ. ಕಂಪನಿಯ ಕ್ಸೆನಾನ್ ಬಲ್ಬ್ ತೆಗೆದು ಡಬ್ಬಿಯಲ್ಲಿಟ್ಟು ಕೊಟ್ಟರು. ಎಲ್‌ಇಡಿಯ ಬೆನ್ನಿಗೆ ಪುಟ್ಟ ಫ್ಯಾನ್ ಇತ್ತು, ಹಿಂದಿನ ಮುಚ್ಚಳ ಕೂರಲಿಲ್ಲ. ‘ನೋ ಪ್ರಾಬ್ಲೆಮ್’ ಎಂದು ಅಂಗಡಿಯವನು ಎರಡೂ ಮುಚ್ಚಳಗಳಿಗೆ ಕಟರ್‌ನಿಂದ ತೂತು ಕೊರೆದ. ನಲವತ್ತು ನಿಮಿಷದ ಕೆಲಸ. ಗೋಡೆಯ ಮೇಲೆ ಹಾಲಿನಂಥ ಬೆಳಕು ಬಿತ್ತು. ನನಗೆ ಖುಷಿಯೋ ಖುಷಿ.

ಎರಡು ವಾರದ ನಂತರ ಕೆಲಸದ ಮೇಲೆ ವಾಳೂಜ್‌ಗೆ ಹೋಗಿ, ಈ ಬಾರಿ ಯೇವಲೆಯ ಮೇಲಿನ ಹಳೆಯ ರಸ್ತೆಯಲ್ಲಿ ವಾಪಸಾಗುತ್ತಿದ್ದೆ. ಎದುರಿನಿಂದ ಬಂದವರೆಲ್ಲ ಡಿಪ್ಪರ್ ಹೊಡೆಯುತ್ತಿದ್ದರು. ನನ್ನದು ಲೋ ಬೀಮಿನಲ್ಲೇ ಇತ್ತು, ಹಾಗಾಗಿ ಅವರದ್ದೇ ತಪ್ಪು ಎಂದುಕೊಂಡೆ. ಯೇವಲೆಯ ಆಚೆ ಒಂದು ಢಾಬಾದಲ್ಲಿ ಚಹಾಕ್ಕೆ ನಿಂತಾಗ, ಇಲ್ಲಿಯವರು ‘ಲಾಲ್ ಪರಿ’ ಎನ್ನುವ ಕೆಂಪು ಎಸ್‌ಟಿ ಬಸ್ಸಿನ ಡ್ರೈವರ್ ಒಬ್ಬರು ಸೀದಾ ನನ್ನ ಬಳಿ ಬಂದರು. ಐವತ್ತು ದಾಟಿದ ಮನುಷ್ಯ. ಜಗಳವಾಡಲಿಲ್ಲ. ಕಾರಿನ ದೀಪದ ಕಡೆ ಕೈ ತೋರಿಸಿ, ‘ಸಾಹೇಬ್, ಗಾಡೀ ತುಮಚೀ, ಡೋಳೇ ಆಮಚೇ’ ಎಂದರು. ಗಾಡಿ ನಿಮ್ಮದು, ಕಣ್ಣು ನಮ್ಮದು. ನಲವತ್ತು ಜನರನ್ನು ಹಿಂದೆ ಕೂರಿಸಿಕೊಂಡು ನಿಮ್ಮ ಎದುರು ಬಂದಾಗ ಮೂರು-ನಾಲ್ಕು ಸೆಕೆಂಡ್ ನನಗೆ ಏನೂ ಕಾಣುವುದಿಲ್ಲ ಎಂದರು. ನಾನು ಏನೋ ತೊದಲಿದೆ. ಅವರು ಚಹಾ ಕುಡಿದು ಹೋದರು.

ಅಂದು ನಾಶಿಕ್ ತಲುಪುವ ಮೊದಲೇ ಎಡಗಡೆಯ ಹೊಸ ಎಲ್‌ಇಡಿಯೂ ಆರಿತು.

ಗೆಳೆಯನಿಗೆ ಫೋನ್ ಮಾಡಿದೆ. ಬೈಲಹೊಂಗಲದವನು. ಸಂಭಾಜಿನಗರದಲ್ಲಿ ವಾಹನಗಳ ದೀಪ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಹದಿನೈದು ವರ್ಷದಿಂದ ಇದ್ದಾನೆ. ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ, ದೀಪದ ವಿಷಯದಲ್ಲಿ ಈ ಊರು ಸಾಮಾನ್ಯದ್ದಲ್ಲ. ಇಲ್ಲಿಯ ವರಾಕ್ ಎಂಬ ಕಂಪನಿ 2012ರಲ್ಲಿ ಅಮೆರಿಕದ ವಿಸ್ಟಿಯಾನ್‌ನ ಇಡೀ ದೀಪದ ವ್ಯವಹಾರವನ್ನೇ ಕೊಂಡಿತ್ತು. ಹತ್ತು ವರ್ಷ ನಡೆಸಿ 2022ರಲ್ಲಿ ಯುರೋಪು, ಅಮೆರಿಕದ ಭಾಗವನ್ನು ಫ್ರಾನ್ಸಿನ ಪ್ಲಾಸ್ಟಿಕ್ ಓಮ್ನಿಯಂಗೆ ಮಾರಿತು. ಶೇಂದ್ರಾದಲ್ಲಿ 2001ರಿಂದ ಸ್ಕೋಡಾ ಕಾರು ಜೋಡಣೆಯಾಗುತ್ತದೆ. ವಾಳೂಜ್‌ನಲ್ಲಿ ಬಜಾಜ್ ಇದೆ. ಇತ್ತ ನಾಶಿಕ್‌ನ ಸಾತಪುರದಲ್ಲಿ ಮಹೀಂದ್ರಾ ಮತ್ತು ಬಾಷ್. ಬಾಷ್ ಅಂದರೆ ಬೆಂಗಳೂರಿನ ಹಳಬರಿಗೆ ಮೈಕೊ, ಆಡುಗೋಡಿಯ ಆಮೇಲೆ ಅದು ಕಾಲೂರಿದ್ದು ಇಲ್ಲೇ. ಇಷ್ಟೆಲ್ಲ ಇರುವ ಸೀಮೆಯಲ್ಲಿ ಒಂದು ದೀಪ ಯಾಕೆ ಆರುತ್ತಿದೆ ಎಂದು ಹೇಳುವವರು ನನಗೆ ಸಿಕ್ಕಿರಲಿಲ್ಲ. ಸರಿಯಾಗಿ ಕೇಳಿದ್ದಾದರೂ ಯಾರನ್ನು?

ಗೆಳೆಯ ಪೂರ್ತಿ ಕೇಳಿಸಿಕೊಂಡು ನಕ್ಕ. ‘ಲೇ, ಹೊಸಾ ಬಲ್ಬ್ ಹಾಕಿದ್ ಮ್ಯಾಲೂ ಎಡಗಡಿದ ಹೋತಂದ್ರ ಬಲ್ಬಿಂದೇನ್ ತಪ್ಪೋ? ನೀ ಇಂಜಿನಿಯರ್ ಅಂತ ಯಾರಿಗೂ ಹೇಳಬ್ಯಾಡ.’ ಎಲ್ಲೋರಾಕ್ಕೆ ನೆಂಟರನ್ನು ಕರೆದೊಯ್ದಾಗಲೆಲ್ಲ ಅವನು ಕೈಲಾಸ ದೇವಾಲಯದ ಮುಂದೆ ನಿಂತು ಹೇಳುವ ಮಾತೊಂದಿದೆ. ಎಂಟನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಕೃಷ್ಣ ಇದನ್ನು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡಿಸುತ್ತ ಬಂದ. ಏಟು ತಪ್ಪಿದರೆ ಬದಲಿ ಸಾಮಾನು ತರಿಸಲು ಇನ್ನೊಂದು ಗುಡ್ಡ ಇರಲಿಲ್ಲ, ಹಾಗಾಗಿ ಮೊದಲು ನೋಡುತ್ತಿದ್ದರು, ಆಮೇಲೆ ಉಳಿ ಎತ್ತುತ್ತಿದ್ದರು ಎಂದು. ನಾನು ಅದನ್ನು ಐದಾರು ಸಲ ಕೇಳಿದ್ದೇನೆ. ತಲೆಗೆ ಹೋಗಿರಲಿಲ್ಲ.

ಭಾನುವಾರ ಅವನು ನನ್ನನ್ನು ವಾಳೂಜ್ ರಸ್ತೆಯ ತಗಡಿನ ಶೆಡ್ಡಿಗೆ ಕರೆದೊಯ್ದ. ಅಲ್ಲಿ ಆಟೋ ಎಲೆಕ್ಟ್ರಿಷಿಯನ್ ಚಾಚಾ ಒಬ್ಬರಿದ್ದರು. ಎಪ್ಪತ್ತರ ಹತ್ತಿರ, ದಪ್ಪ ಕನ್ನಡಕ, ಕೈಯಲ್ಲಿ ಮಲ್ಟಿಮೀಟರ್. ಮೊದಲ ಕೆಲಸ ಎಲ್‌ಇಡಿ ಕಿತ್ತು ನನ್ನ ಡಬ್ಬಿಯಲ್ಲಿದ್ದ ಹಳೆಯ ಕ್ಸೆನಾನ್ ಬಲ್ಬುಗಳನ್ನು ವಾಪಸ್ ಹಾಕಿದ್ದು. ಅದಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಓದುಗರಲ್ಲಿ ಸ್ವತಃ ಕೈ ಹಾಕುವವರಿದ್ದರೆ ಇದನ್ನು ಮರೆಯಬೇಡಿ. ಕ್ಸೆನಾನ್ ಬಲ್ಬಿನಲ್ಲಿ ತಂತಿ ಇಲ್ಲ. ಎರಡು ತುದಿಗಳ ನಡುವೆ ಕಿಡಿ ಹಾರಿಸಿ ಹೊತ್ತಿಸಬೇಕು, ಆ ಕ್ಷಣಕ್ಕೆ ಇಪ್ಪತ್ತು ಸಾವಿರ ವೋಲ್ಟ್‌ನ ಆಸುಪಾಸು ಬೇಕು. ಅದನ್ನು ಒದಗಿಸಿ, ಆಮೇಲೆ 35 ವ್ಯಾಟ್‌ನಲ್ಲಿ ಸ್ಥಿರವಾಗಿ ಇಡುವ ಪೆಟ್ಟಿಗೆಗೆ ಬ್ಯಾಲಾಸ್ಟ್ ಎನ್ನುತ್ತಾರೆ.

ಆಮೇಲಿನದು ಶಾಲೆಯ ಹುಡುಗನಿಗೂ ತಿಳಿಯುವ ತರ್ಕ. ಎಡಗಡೆಯ ಬಲ್ಬ್ ಬಲಕ್ಕೆ, ಬಲಗಡೆಯದು ಎಡಕ್ಕೆ. ರೋಗ ಬಲ್ಬಿನ ಜೊತೆ ಬಲಕ್ಕೆ ಹೋದರೆ ಬಲ್ಬ್ ಕೆಟ್ಟಿದೆ. ಹೋಗಲಿಲ್ಲ, ಎಡದಲ್ಲೇ ಕುಳಿತಿತ್ತು. ಇನ್ನು ಬ್ಯಾಲಾಸ್ಟ್. ಅದನ್ನು ಮುಟ್ಟಬೇಕಾದರೆ ಇಂಥ ಕಾರುಗಳಲ್ಲಿ ಬಂಪರ್ ಬಿಚ್ಚಬೇಕು. ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಹನ್ನೊಂದು ಸ್ಕ್ರೂ, ಲೆಕ್ಕವಿಲ್ಲದಷ್ಟು ಕ್ಲಿಪ್ಪು. ಒಂದೂವರೆ ಗಂಟೆ ಹಿಡಿಯಿತು. ಬ್ಯಾಲಾಸ್ಟನ್ನೂ ಅದಲುಬದಲು ಮಾಡಿದರು. ರೋಗ ಮತ್ತೆ ಎಡದಲ್ಲೇ. ‘ಅಬ್ ಅರ್ಥ್ ದೇಖೋ’ ಎಂದರು ಚಾಚಾ.

ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಮುಳ್ಳನ್ನು ಎಡ ಹೆಡ್‌ಲೈಟಿನ ಅರ್ಥ್ ವೈರಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟರು. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದು ಲೆಕ್ಕ. 2.1 ತೋರಿಸಿತು. ಗೆಳೆಯ ಫೆಂಡರ್ ಮೇಲೆ ಮುಷ್ಟಿಯಿಂದ ಗುದ್ದಿದ, ಅದು 5ಕ್ಕೆ ಹಾರಿತು, ದೀಪ ಆರಿತು. ಆ ಐದು ಕಳೆದರೆ ಬ್ಯಾಲಾಸ್ಟಿಗೆ ಸಿಗುವುದು 9 ವೋಲ್ಟಿಗಿಂತ ಕಡಿಮೆ, ಅಷ್ಟರಲ್ಲಿ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಂದ್ ಆಗುತ್ತದೆ. ಕಾಂಕ್ರೀಟ್ ಹೆದ್ದಾರಿಯ ಜೋಡಿಕೆಗಳ ಮೇಲೆ ಚಕ್ರ ಟಕ್‌ಟಕ್ ಎನ್ನುವಾಗ ಆದದ್ದು ಇದೇ.

ಜರ್ಮನ್ ಕಾರುಗಳಲ್ಲಿ ಅರ್ಥ್ ವೈರ್ ಕಂದು ಬಣ್ಣದ್ದು. ಚಾಚಾ ಅದನ್ನು ಬೆರಳಿನಲ್ಲಿ ಹಿಡಿದು ಹಿಂಬಾಲಿಸುತ್ತ ಹೋಗಿ ಎಡ ಚಕ್ರದ ಒಳಗೋಡೆಯ ಒಂದು ಬೋಲ್ಟಿನ ಬಳಿ ನಿಂತರು. ಬಿಚ್ಚಿದರೆ, ವೈರಿನ ಕಣ್ಣಿಯ ಕೆಳಗೆ ಲೋಹವಿಲ್ಲ, ಬಣ್ಣವಿತ್ತು. ನನಗಿಂತ ಹಿಂದಿನ ಯಾರೋ ಮಾಲೀಕರ ಕಾಲದಲ್ಲಿ ಎಡ ಮೂಲೆಗೆ ಪೆಟ್ಟು ಬಿದ್ದಿದೆ. ಡೆಂಟರ್ ನೀಟಾಗಿ ಪೇಂಟ್ ಹೊಡೆದು ಅದರ ಮೇಲೆಯೇ ವೈರ್ ಬಿಗಿದಿದ್ದಾನೆ. ಬೋಲ್ಟಿನ ಎಳೆಗಳ ಮೂಲಕ ಹೇಗೋ ಕರೆಂಟ್ ಹರಿಯುತ್ತಿತ್ತು. ಈಗ ಅಲ್ಲಿಗೂ ತುಕ್ಕು ಬಂದಿದೆ. ಎಮರಿ ಕಾಗದದಿಂದ ಬಣ್ಣ ಕೆರೆದು, ಬೋಲ್ಟ್ ಬಿಗಿದು, ಮೇಲೆ ಬೆರಳಿನಷ್ಟು ವ್ಯಾಸಲಿನ್ ಸವರಿದರು. ಮೀಟರ್ 0.05 ತೋರಿಸಿತು.

ಒಂದು ಲಕ್ಷ 35 ಸಾವಿರದ ರೋಗಕ್ಕೆ ಔಷಧ ಎರಡಿಂಚು ಎಮರಿ ಕಾಗದ. ಹೊಸ ಸೆಟ್ ಹಾಕಿಸಿದ್ದರೂ ಅದು ಅದೇ ಅರ್ಥಿನಲ್ಲಿ ಉರಿದು ಅದೇ ವೈಜಾಪುರದಲ್ಲಿ ಆರುತ್ತಿತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಜಾಣನಾಗಿ ಉಳಿಯುತ್ತಿದ್ದೆ. ಎಲ್‌ಇಡಿಗಾಗಿ ಕೊರೆದ ತೂತಿನಿಂದ ಎರಡು ವಾರದ ಮಳೆ ಎಡ ಹೆಡ್‌ಲೈಟಿನ ಒಳಗೆ ಇಳಿದಿತ್ತು. ಪ್ರತಿಫಲಕದ ಬೆಳ್ಳಿಯಂಥ ಲೇಪ ಎದ್ದು ಬಂದಿತ್ತು, ದೀಪವನ್ನು ಮೇಲೆ ಕೆಳಗೆ ಮಾಡುವ ಪುಟ್ಟ ಮೋಟಾರು ಜಡ್ಡುಗಟ್ಟಿತ್ತು. ಅಂದರೆ ಕೆಡದೇ ಇದ್ದ ದೀಪವನ್ನು ರಿಪೇರಿ ಮಾಡಿಸಿ ಕೆಡಿಸಿದ್ದು ನಾನು. ಈಗ ನಿಜವಾಗಿಯೂ ಬದಲಿಸಲೇಬೇಕಿತ್ತು. ಬಲಗಡೆ ಮಾತ್ರ ಮುಚ್ಚಳಕ್ಕಷ್ಟೇ ನಷ್ಟ.

ಮುಂಬೈ ಕುರ್ಲಾದ ಹಳೆ ಸಾಮಾನಿನ ಬೀದಿಯಲ್ಲಿ ಇಂಥವು ಸಿಗುತ್ತವೆ. ಮೊದಲು ತೋರಿಸಿದ್ದು 26 ಸಾವಿರದ್ದು, ಫಳಫಳ ಹೊಳೆಯುತ್ತಿತ್ತು. ಫೋಟೊ ಕಳಿಸಿದ ತಕ್ಷಣ ಗೆಳೆಯ ಬೇಡ ಎಂದ. ಅದು ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶದ ದೀಪ. ಲೋ ಬೀಮಿನ ಬೆಳಕು ಸಮತಟ್ಟಾಗಿರುವುದಿಲ್ಲ, ಪಾದಚಾರಿಗಳಿರುವ ಅಂಚಿನ ಕಡೆಗೆ ಸ್ವಲ್ಪ ಮೇಲೇರಿರುತ್ತದೆ. ನಮಗೆ ಅಂಚು ಎಡಕ್ಕೆ. ಆ ದೀಪವನ್ನು ಇಲ್ಲಿ ಹಾಕಿದರೆ ಮೇಲೇರಿದ ಬೆಳಕು ಸೀದಾ ಎದುರಿನವರ ಕಣ್ಣಿಗೆ. ಯುರೋಪಿನ ಮಾನದಂಡದ ದೀಪಗಳ ಮೇಲೆ ಇದಕ್ಕೊಂದು ಬಾಣದ ಗುರುತಿರುತ್ತದೆ. ದೀಪಕ್ಕೆ ಮುಖ ಮಾಡಿ ನಿಂತಾಗ ಬಾಣ ನಮ್ಮ ಬಲಕ್ಕೆ ತೋರಿಸಿದರೆ ನಮ್ಮಂಥ ಎಡಬದಿ ಸಂಚಾರದ ದೇಶಕ್ಕೆ, ಬಾಣವೇ ಇಲ್ಲದಿದ್ದರೆ ಬಲಬದಿಯವರಿಗೆ. ಅಂಗಡಿಯವನಿಗೆ ಇದು ಗೊತ್ತಿತ್ತೋ ಇಲ್ಲವೋ. ಬಾಣವಿದ್ದದ್ದು 38 ಸಾವಿರಕ್ಕೆ ಸಿಕ್ಕಿತು.

ಅದನ್ನು ಕೂರಿಸುವುದು ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಆಮೇಲೆ. ಈ ಕಾರಿನಲ್ಲಿ ಹಿಂದಿನ ಆಕ್ಸೆಲ್ ಬಳಿ ಒಂದು ಸೆನ್ಸರ್ ಇದೆ. ಹಿಂದೆ ಭಾರ ಬಿದ್ದು ಮೂತಿ ಮೇಲೆದ್ದರೆ ದೀಪ ತಾನೇ ಬಗ್ಗಬೇಕು. ದೀಪ ಬದಲಿಸಿದ ಮೇಲೆ ಆ ಲೆಕ್ಕವನ್ನು ಸ್ಕ್ಯಾನರ್ ಹಾಕಿ ಮೊದಲಿನಿಂದ ಕಲಿಸಬೇಕು. ನಾಶಿಕ್‌ನ ಅದೇ ವರ್ಕ್‌ಶಾಪಿಗೆ ಹೋದೆ. ‘ನಮ್ಮಲ್ಲಿ ಕೊಂಡ ಪಾರ್ಟ್ ಅಲ್ಲ, ನಾವು ಮುಟ್ಟೋದಿಲ್ಲ’ ಎಂದರು. ಕೂಲಿ ಕೊಡುತ್ತೇನೆ ಎಂದರೂ ಕೇಳಲಿಲ್ಲ.

ಇದು ನನ್ನೊಬ್ಬನ ಗೋಳಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಈ ದೇಶದ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡಿದ್ದಾರೆ ಎಂಬುದೇ ಕಾರಣ. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಕೇಂದ್ರ ಸರ್ಕಾರ ‘ರಿಪೇರಿ ಹಕ್ಕು’ ಎಂಬ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೆಯದೇ. ಆದರೆ ವಾಳೂಜಿನ ತಗಡಿನ ಶೆಡ್ಡಿಗೆ ಕಂಪನಿಯ ವೈರಿಂಗ್ ನಕ್ಷೆ ಇನ್ನೂ ಬಂದಿಲ್ಲ. ಚಾಚಾ ಬೆರಳಿನಲ್ಲೇ ಹುಡುಕುತ್ತಾರೆ. ಕೊನೆಗೆ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗನೊಬ್ಬ 1,500 ರೂಪಾಯಿಗೆ ಆ ಕೆಲಸ ಮಾಡಿಕೊಟ್ಟ. ಆಮೇಲೆ ಗೆಳೆಯನ ಅಪಾರ್ಟ್‌ಮೆಂಟಿನ ಗೋಡೆಗೆ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ದೀಪದ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೆಳಕಿನ ಅಂಚು ಬರುವಂತೆ ಸ್ಕ್ರೂ ತಿರುಗಿಸಿದೆವು. ವಾಚ್‌ಮನ್ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದ.

ನಾನು ಕಂಪನಿಗಳನ್ನು ಬೈದು ಮುಗಿಸಬಹುದಿತ್ತು. ಆದರೆ ಅಂಬಡದ ಅಂಗಡಿಗೆ ನನ್ನನ್ನು ಯಾರೂ ತಳ್ಳಿರಲಿಲ್ಲ. ಆ ವರ್ಕ್‌ಶಾಪಿನ ಹುಡುಗ ಯಾಕೆ ಬಗ್ಗಿ ನೋಡಲಿಲ್ಲ? ಮೂರು ಗಂಟೆ ಹುಡುಕಿ ಎಮರಿ ಕಾಗದ ಹಚ್ಚಿ ‘ಮೂರು ಸಾವಿರ ಕೊಡಿ’ ಎಂದಿದ್ದರೆ ನಾನು ಕೊಡುತ್ತಿದ್ದೆನೆ? ‘ಏನ್ ಹಾಕಿದ್ರಿ? ಏನೂ ಇಲ್ವಲ್ಲ’ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ಡಬ್ಬಿಯಲ್ಲಿ ಬಂದ ಹೊಸ ಸಾಮಾನಿಗೆ ನಾವು ಲಕ್ಷ ಕೊಡುತ್ತೇವೆ. ಹುಡುಕಿದ ಕಣ್ಣಿಗೆ, ತಲೆಗೆ ಕೊಡುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹುಬ್ಬಳ್ಳಿಯ ಗ್ಯಾರೇಜುಗಳವರೆಗೆ ಇದೇ ಕತೆ. ಡಾಕ್ಟರಿಗೆ ನಾಡಿ ಹಿಡಿದದ್ದಕ್ಕೆ ಫೀಸು ಇದೆ, ವಕೀಲರಿಗೆ ಕಾಗದ ಓದಿದ್ದಕ್ಕೆ ಇದೆ. ಮೆಕ್ಯಾನಿಕ್ ಮಾತ್ರ ಏನಾದರೂ ಬದಲಿಸಿದರೇ ಅವನ ಮನೆಯ ಒಲೆ ಉರಿಯುವುದು. ಹಾಗಿರುವಾಗ ಅವನು ಬದಲಿಸದೆ ಇನ್ನೇನು ಮಾಡಿಯಾನು?

ಇದರ ಬಿಲ್ಲು ನಾವಷ್ಟೇ ಕಟ್ಟುವುದಾದರೆ ಹೇಗೋ ಸಹಿಸಬಹುದು. ಯೇವಲೆಯ ಆ ಡ್ರೈವರ್ ಕಟ್ಟುತ್ತಿದ್ದಾರಲ್ಲ. ಎಲ್‌ಇಡಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಎಲ್‌ಇಡಿಗೆಂದೇ ರೂಪಿಸಿದ ಹೆಡ್‌ಲೈಟಿನಲ್ಲಿ ಅದು ಚೆನ್ನಾಗಿಯೇ ಉರಿಯುತ್ತದೆ. ಆದರೆ ಬೇರೆ ಬಲ್ಬಿನ ಮನೆಯೊಳಗೆ ತುರುಕಿದಾಗ ಬೆಳಕು ಹುಟ್ಟುವ ಜಾಗವೇ ಬದಲಾಗುತ್ತದೆ. ಕೆಲವೇ ಮಿಲಿಮೀಟರ್ ವ್ಯತ್ಯಾಸ, ಕತ್ತರಿಸಿದಂತೆ ನಿಲ್ಲಬೇಕಿದ್ದ ಅಂಚು ಕದಡಿ ಮೇಲಕ್ಕೆ ಚೆಲ್ಲುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಸ್ಪಷ್ಟವಾಗಿದೆ: 8 ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ನಿಮ್ಮ ದೀಪ ಕುಕ್ಕಬಾರದು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಇಂಥ ದೀಪಗಳ ವಿರುದ್ಧ ರಾಜ್ಯದಾದ್ಯಂತ ಅಭಿಯಾನ ಮಾಡಿ ಸಾವಿರಗಟ್ಟಲೆ ಕೇಸು ಹಾಕಿದ್ದರು. ಅಭಿಯಾನ ಮುಗಿಯಿತು, ಅಂಗಡಿಗಳು ತೆರೆದೇ ಇವೆ. ಹೊಗೆ ಪರೀಕ್ಷೆಯ ಚೀಟಿಗಾಗಿ ವರ್ಷಕ್ಕೊಮ್ಮೆ ನಾವೆಲ್ಲ ಕಾರು ಒಯ್ಯುತ್ತೇವೆ. ಆದರೆ ಸ್ವಂತ ಕಾರಿನ ದೀಪ ಎತ್ತ ನೋಡುತ್ತಿದೆ ಎಂದು ಸರ್ಕಾರ ಕೇಳುವುದು ನೋಂದಣಿಯಾದ ಹದಿನೈದು ವರ್ಷಕ್ಕೆ, ನವೀಕರಣಕ್ಕೆ ಹೋದಾಗ. ಆ ಹೊಗೆ ಕೇಂದ್ರದ ಗೋಡೆಯ ಮೇಲೆ ಒಂದು ಗೆರೆ ಎಳೆದು, ಐದು ನಿಮಿಷ ದೀಪವನ್ನೂ ನೋಡಿದರೆ ಯಾರ ಗಂಟು ಹೋಗುತ್ತದೆ? ಐವತ್ತು ರೂಪಾಯಿ ಹೆಚ್ಚಿಗೆ ಕೇಳಿದರೂ ಕೊಡೋಣ. ಹಾಗೆಯೇ ಗ್ಯಾರೇಜಿನ ಬಿಲ್ಲಿನಲ್ಲಿ ‘ದೋಷ ಪತ್ತೆ’ ಎಂದು ಪ್ರತ್ಯೇಕ ಸಾಲೊಂದು ಇರಲಿ, ಏನನ್ನೂ ಬದಲಿಸದಿದ್ದರೂ ಅದಕ್ಕೆ ದುಡ್ಡು ಇರಲಿ. ಇದಕ್ಕೆ ಸುತ್ತೋಲೆ ಬೇಕಿಲ್ಲ, ಗಿರಾಕಿಯೇ ಶುರುಮಾಡಬಹುದು.

ದೀಪಾವಳಿಗೆ ಊರಿಗೆ ಹೋಗಿದ್ದು ಇದೇ ಕಾರಿನಲ್ಲಿ. ಸಂಭಾಜಿನಗರದಿಂದ ಬೀಡ್, ಸೊಲ್ಲಾಪುರ, ವಿಜಯಪುರದ ಮೇಲೆ ಹುಬ್ಬಳ್ಳಿಗೆ ಸೀದಾ ಒಂದೇ ಹೆದ್ದಾರಿ, 52. ಸೊಲ್ಲಾಪುರ ದಾಟುವಾಗ ಕತ್ತಲಾಗಿತ್ತು. ದೀಪ ಆರಲಿಲ್ಲ. ಡಿಪ್ಪರನ್ನೂ ಯಾರೂ ಹೊಡೆಯಲಿಲ್ಲ, ಅಥವಾ ನಾನು ಎಣಿಸುವಷ್ಟು ಹೊಡೆಯಲಿಲ್ಲ. ಹೆಂಡತಿ ಮಾತ್ರ ಪ್ರತಿ ಟೋಲ್ ನಾಕಾದಲ್ಲಿ ಇಳಿದು ಎರಡೂ ದೀಪ ನೋಡಿ ಬಂದಳು.

ಚಾಚಾರ ಲೆಕ್ಕ ಒಂದು ಬಾಕಿ ಉಳಿದಿತ್ತು. ಆ ಭಾನುವಾರ ಅವರು ಬಂಪರ್ ಬಿಚ್ಚಿ ಹಾಕಿದ್ದಕ್ಕೆ 600 ತೆಗೆದುಕೊಂಡಿದ್ದರು. ಅರ್ಥಿಗೆ? ‘ಉಸ್‌ಮೇ ಕ್ಯಾ ಹೈ ಸಾಬ್, ಖಾಲಿ ದೇಖಾ’ ಎಂದು ಕೈ ಆಡಿಸಿಬಿಟ್ಟಿದ್ದರು. ಊರಿನಿಂದ ವಾಪಸು ಬರುವಾಗ ಶೆಡ್ಡಿಗೆ ಹೋಗಿ ಧಾರವಾಡ ಪೇಡೆಯ ಡಬ್ಬಿಯ ಜೊತೆಗೆ 3,000 ರೂಪಾಯಿ ಇಟ್ಟೆ. ಡಬ್ಬಿ ಇಟ್ಟುಕೊಂಡರು, ದುಡ್ಡು ವಾಪಸು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ನನಗೆ ಬಿಲ್ಲು ಬೇಕು ಎಂದೆ, ಪಕ್ಕಾ ಬಿಲ್ಲು. ಚಾಚಾ ಕನ್ನಡಕ ಏರಿಸಿಕೊಂಡು, ಎಣ್ಣೆ ಕಲೆಯ ಬಿಲ್ ಪುಸ್ತಕ ಹುಡುಕಿ ತೆಗೆದು, ನನ್ನ ಹೆಸರು ಬರೆದರು, ತಾರೀಖು ಬರೆದರು, ಗಾಡಿಯ ನಂಬರು ಬರೆದರು. ಆಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತರು.

‘ಸಾಮಾನ್ ತೋ ಕುಛ್ ಡಾಲಾ ನಹೀಂ’ ಎಂದರು. ‘ಇಸ್‌ಮೇ ಕ್ಯಾ ಲಿಖೂಂ, ಸಾಬ್?’